ಮಿಡತೆ ಬಾರದ ಸಂಜೆ

ಕೊರೊನಾ ಬಂದ ವರ್ಷ, ಬೇಸಿಗೆಯ ಕೊನೆಯಲ್ಲಿ, ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದ ನಮ್ಮ ಅಣ್ಣ ಲಾರಿಯೊಂದರಲ್ಲಿ ಊರಿಗೆ ಬಂದ. ಹನುಮಸಾಗರದ ಹತ್ತಿರ ನಮ್ಮೂರು. ಹದಿನಾಲ್ಕು ದಿನ ಊರೊಳಗೆ ಕಾಲಿಡಬಾರದೆಂದು ಹಿರಿಯರು ಅಗಸಿಬಾಗಿಲಲ್ಲೇ ತಡೆದರು. ನಮ್ಮ ಹೊಲದ ಪಂಪ್‌ಸೆಟ್ ಕೋಣೆಯಲ್ಲಿ ಅವನ ವಾಸ. ಅವ್ವ ದಿನಾ ಬೆಳಿಗ್ಗೆ ಎರಡೂ ಹೊತ್ತಿನ ಬುತ್ತಿ ಒಯ್ದು ಬದುವಿನ ಮೇಲಿಟ್ಟು ಬರುತ್ತಿದ್ದಳು. ಅಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಒಂದು ಸ್ಟೀಲಿನ ಗಂಗಾಳ, ಒಂದು ಸೌಟು ಇಟ್ಟು, "ಆರಾಮ ಇಲ್ಲಂದ್ರ ಇದನ್ನ ಬಡಿಯಪಾ. ಕೇಳಿದ ಕೂಡ್ಲೆ ಓಡಿ ಬರ್ತೀವಿ" ಎಂದು ದೂರದಿಂದಲೇ ಕೂಗಿ ಹೇಳಿದ್ದಳು.

ಒಂಬತ್ತನೆಯ ದಿನ ನನ್ನ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜ್ ಬಂತು. ಲೋಕಸ್ಟ್ ಹಿಂಡು ಮಹಾರಾಷ್ಟ್ರ ದಾಟಿ ನಮ್ಮ ಕಡೆ ಬರುತ್ತಿದೆ ಎಂದಿತ್ತು. ಓಣಿಗೆಲ್ಲ ಬಿ.ಎ. ಓದಿದವಳು ನಾನೊಬ್ಬಳೇ ಎಂಬ ಜಂಬ ನನಗೆ. ಡಿಕ್ಷನರಿ ತೆಗೆದೆ. ಹಿಂಡುಗಟ್ಟಿ ಹಾರುವ ಮಿಡತೆ ಎಂಬುದು ಮೊದಲ ಅರ್ಥ. ಒಂದು ಜಾತಿಯ ಮರಕ್ಕೂ ಅದೇ ಹೆಸರು, ಕೆಲವು ಕಡೆ ಜೀರುಂಡೆಗೂ ಅದೇ. ಕೊನೆಯ ಅರ್ಥ, ಹೋದಲ್ಲೆಲ್ಲ ತಿಂದು ಹಾಳುಮಾಡುವ ಜನ. ಅದನ್ನು ಯಾರಿಗೂ ಓದಿ ಹೇಳಲಿಲ್ಲ. ಲಾರಿಯಿಂದ ಇಳಿದವರನ್ನು ಊರು ಆಗಲೇ ಹಾಗೆ ನೋಡುತ್ತಿತ್ತು. ಸುಳ್ಳೇಕೆ ಹೇಳಲಿ, ನಾನೂ ನೋಡುತ್ತಿದ್ದೆ. ಅಣ್ಣ ಅಗಸಿಯಲ್ಲಿ ಕೆಮ್ಮಿದಾಗ ವೇಲಿನಿಂದ ಮೂಗು ಮುಚ್ಚಿಕೊಂಡು ಮೊದಲು ಹಿಂದೆ ಸರಿದವಳು ನಾನು.

ಸದ್ದು ಮಾಡಿದರೆ ಮಿಡತೆ ಇಳಿಯುವುದಿಲ್ಲ ಎಂದೂ ಮೆಸೇಜಿನಲ್ಲಿತ್ತು. "ಗಂಗಾಳ, ಡಬ್ಬಿ ಏನ್ ಅದಾವ ಎಲ್ಲಾ ತಗೊಂಡು ಬರ್ರಿ" ಎಂದು ಓಣಿ ಓಣಿ ತಿರುಗಿದೆ. ಸಂಜೆ ಐದಕ್ಕೆ ಊರಿಗೆ ಊರೇ ಹೊಲಗಳಲ್ಲಿ ನಿಂತಿತ್ತು. ಉತ್ತರದ ಆಕಾಶ ಮಾಸಿದ ಅರಿಷಿಣದ ಬಣ್ಣಕ್ಕೆ ತಿರುಗಿತ್ತು. ಗಾಳಿ ಇರಲಿಲ್ಲ, ಆದರೂ ಗೋವಿನಜೋಳದ ಎಲೆಗಳು ಅಲ್ಲೊಂದು ಇಲ್ಲೊಂದು ಅಲುಗುತ್ತಿದ್ದವು. ಬಡಿಯತೊಡಗಿದೆವು. ಸದ್ದು ಬದುವಿನಿಂದ ಬದುವಿಗೆ ಹಬ್ಬಿ, ಗುಡ್ಡಕ್ಕೆ ತಾಗಿ ತಿರುಗಿ ಬಂತು. ಗುಡ್ಡದ ಹಿಂದೆ ಇನ್ನೊಂದು ಊರಿನವರು ನಿಂತು ನಮ್ಮನ್ನೇ ಅಟ್ಟುತ್ತಿದ್ದಾರೇನೋ ಅನ್ನಿಸಿತು. ಹಕ್ಕಿಗಳೆಲ್ಲ ಎದ್ದು ಹೋದವು. ಕೈ ಸೋತು ನಿಲ್ಲಿಸಿದಾಗ ಎಲ್ಲೆಲ್ಲೂ ನಿಶ್ಶಬ್ದ. ಆಗ ಪಂಪ್‌ಸೆಟ್ ಕಡೆಯಿಂದ ಒಂದು ಠಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು.

ಅವ್ವ ಕಿವಿಗೊಟ್ಟಳು. "ಯಾಕವಾ, ಅಂವ ಕರ್ಯಾಕ ಹತ್ಯಾನೇನು?"

"ಇಲ್ಲಬೇ ಯವ್ವಾ, ಅಂವನೂ ಮಿಡತಿ ಓಡಸಾಕ ಹತ್ಯಾನ" ಎಂದು ನಕ್ಕೆ.

ನನಗೂ ಅದೇ ಅನುಮಾನ ಬಂದಿತ್ತು. ಬಂದದ್ದಕ್ಕೇ ಅಷ್ಟು ಬೇಗ ಹಾಗೆ ಹೇಳಿಬಿಟ್ಟೆ. ಕರೆಯುತ್ತಿದ್ದಾನೆ ಅಂದಿದ್ದರೆ ಹೋಗಬೇಕಾದವಳು ನಾನೇ, ಆ ಕೋಣೆಯ ಹತ್ತಿರ ಸುಳಿಯಲು ನನಗೆ ಜೀವಭಯ. ನಾವು ಬಡಿದೆವು, ಆ ಕಡೆಯಿಂದ ಉತ್ತರ ಬಂತು. ಮತ್ತೆ ಬಡಿದೆವು, ಈ ಸಲ ತಡವಾಗಿ ಬಂತು. ಹೊತ್ತು ಮುಳುಗುವಾಗ ಆ ಸದ್ದು ನಿಂತುಹೋಯಿತು. ಮಿಡತೆ ಒಂದೂ ಬರಲಿಲ್ಲ. ಊರು ಉಳಿಯಿತೆಂದು ನಗುತ್ತ ಮನೆಗೆ ನಡೆದೆವು.

ರಾತ್ರಿ ನನಗೆ ಕಣ್ಣು ಹತ್ತಲಿಲ್ಲ. ಬೆಳಗಾಗುತ್ತಲೇ ಅವ್ವನನ್ನು ಬಿಟ್ಟು ನಾನೇ ಬುತ್ತಿ ಒಯ್ದೆ. ಕೋಣೆಯ ಬಾಗಿಲು ತೆರೆದಿತ್ತು. ಅಣ್ಣ ಹೊಸ್ತಿಲ ಮೇಲೆ ಚೌಕಟ್ಟಿಗೆ ಒರಗಿ, ಊರ ಹಾದಿಯ ಕಡೆ ಮುಖ ಮಾಡಿ ಕೂತಿದ್ದ. ಮೈ ಸುಡುತ್ತಿತ್ತು, ಉಸಿರು ಸುಯ್ ಸುಯ್ ಅನ್ನುತ್ತಿತ್ತು. ನನ್ನನ್ನು ನೋಡಿ ಸಿಟ್ಟಾಗಲಿಲ್ಲ.

"ನಾ ಬಡದೆ, ನೀವೂ ಬಡದ್ರಿ" ಎಂದ, ತಡೆದು ತಡೆದು. "ಬರಾಕ ಹತ್ಯಾರ ಅಂತ ಬಾಗಲಾ ತಗದು ಕುಂತೆ."

ಆ್ಯಂಬುಲೆನ್ಸ್ ಅವನನ್ನು ಕೊಪ್ಪಳಕ್ಕೆ ಒಯ್ದಿತು. ಮೂರನೆಯ ದಿನ ತೀರಿಕೊಂಡ.

ಅವನ ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಮನೆಗೆ ಯಾರೇ ಬರಲಿ, ಅವ್ವ ಚಹಾ ಕೊಟ್ಟು ಇವತ್ತಿಗೂ ಹೇಳುತ್ತಾಳೆ: "ಅಂಥಾ ಜ್ವರದಾಗೂ ನನ್ನ ಮಗಾ ಊರ ಬೆಳಿ ಉಳಸಾಕ ಗಂಗಾಳ ಬಡದಾನ್ರಿ. ಬೇಕಾದ್ರ ಇಕಿನ್ನ ಕೇಳ್ರಿ."

ಬಂದವರು ನನ್ನ ಕಡೆ ತಿರುಗುತ್ತಾರೆ. ನಾನು ಹೌದೆನ್ನುತ್ತೇನೆ.