ಕೌದಿ ಹೊದ್ದ ಕಂಪ್ಯೂಟರ್

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯಲ್ಲಿ ಒಗ್ಗರಣೆ ಒಂದಿಷ್ಟು ಸೀದರೂ ಸಾಕು, ನಾನು ಓಡಿಹೋಗಿ ಮೇನ್ ಸ್ವಿಚ್ ಆರಿಸುತ್ತೇನೆ. ಮೊನ್ನೆ ಕುಕ್ಕರಿನ ಆವಿಯನ್ನು ಹೊಗೆಯೆಂದು ತಿಳಿದು ಇಡೀ ಮನೆಯ ಫ್ಯಾನು ನಿಲ್ಲಿಸಿದಾಗ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. "ಏನ್ರೀ, ಬ್ಯಾಳಿ ಗ್ಯಾಸಿನ ಮ್ಯಾಲೆ ಕುದ್ಯಾಕತ್ತೈತಿ. ಅದಕ್ಕ ಕರೆಂಟ್ ಏನ್ ಮಾಡೈತಿ?" ಸ್ವಿಚ್ ಮತ್ತೆ ಹಾಕಿದೆ. ಹೆದರಿದ ಮನುಷ್ಯನಿಗೆ ಭೌತಶಾಸ್ತ್ರ ನೆನಪಿರುವುದಿಲ್ಲ. ನಾನು ಅದರಲ್ಲೇ ಪದವಿ ಪಡೆದವನು ಎನ್ನುವುದು ಬೇರೆ ಮಾತು.

ಈ ಹೆದರಿಕೆಯ ಮೂಲ ಒಂದು ಕೌದಿ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಾರೆ ಹೊಲಿದ ಹೊದಿಕೆ. ಮನೆಯ ಯಾವ ವಸ್ತುವೂ ಬರಿಮೈಯಲ್ಲಿ ಇರಬಾರದೆಂಬುದು ಆಯಿಯ ನಿಯಮ. ಮಿಕ್ಸರಿಗೆ ಗವಸು, ಫ್ಯಾನಿಗೆ ಚಳಿಗಾಲದ ಗವಸು, ಕೆಟ್ಟು ಮೂಲೆ ಸೇರಿದ ರೇಡಿಯೋಗೆ ಜರಿಯಂಚಿನ ಗವಸು. ಅದಕ್ಕೆ ಕಾರಣವೂ ಇದೆ. ನಿಪ್ಪಾಣಿಯಲ್ಲಿ ನಮ್ಮ ಮನೆಯ ಬೆನ್ನಿಗೇ ತಂಬಾಕಿನ ಗೋದಾಮು. ಅಲ್ಲಿ ಎಲೆ ಕೊಡವಿದರೆ ಇಲ್ಲಿ ನಾವು ಸೀನುತ್ತೇವೆ. ಬೀಡಿ ಮುಟ್ಟದ ಈ ಜೈನರ ಮನೆಯಲ್ಲಿ ನಿತ್ಯ ತಂಬಾಕು ಸೇವಿಸುತ್ತಿದ್ದದ್ದು ನನ್ನ ಕಂಪ್ಯೂಟರ್ ಒಂದೇ.

ಮದುವೆಯ ವಿಡಿಯೋ ಎಡಿಟ್ ಮಾಡುವುದು ನನ್ನ ಕಸುಬು. ಆ ಮಧ್ಯಾಹ್ನ ಜುಗೂಳ ಊರಿನ ಮದುವೆಯೊಂದು ಕಂಪ್ಯೂಟರಿನೊಳಗೆ ತಯಾರಾಗುತ್ತಿತ್ತು. ನಾನು ಅಂಗಳದಲ್ಲಿ ಫೋನು ಹಿಡಿದು ನಿಂತಿದ್ದೆ. ನಡುಮನೆಯಲ್ಲಿ, ತನ್ನ ಮಂಚದ ಪಕ್ಕದ ನೆಲದ ಮೇಲೆ ಗುಂಯ್ ಎನ್ನುತ್ತಿದ್ದ ಯಂತ್ರಕ್ಕೆ ಧೂಳು ಕೂಡದಿರಲೆಂದು ಆಯಿ ಕೌದಿ ಹೊದಿಸಿ ತಾನೂ ಮಲಗಿಬಿಟ್ಟಿದ್ದಳು. ನಾನು ಒಳಗೆ ಬಂದಾಗ ಕೌದಿಯ ಅಂಚಿನಿಂದ ಹೊಗೆ ಮೆಲ್ಲಗೆ ಆಯಿಯ ದಿಂಬಿನ ಕಡೆಗೆ ಹರಿಯುತ್ತಿತ್ತು.

ಆಗ ನಾನು ಮಾಡಿದ್ದು ಈಗಲೂ ಕಣ್ಣಮುಂದೆ ಓಡುತ್ತಲೇ ಇರುತ್ತದೆ. ಕುರ್ಚಿ ಎಳೆದು ಕೂತು, ಮೌಸ್ ಹಿಡಿದು ಶಟ್‌ಡೌನ್ ಒತ್ತಿದೆ. ಕೆಲಸ ಇನ್ನೂ ಮುಗಿದಿಲ್ಲ, ನಿಜಕ್ಕೂ ನಿಲ್ಲಿಸಬೇಕೇ ಎಂದು ಪರದೆ ಕೇಳಿತು. ನಾನು ವಿಚಾರ ಮಾಡುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಮೇನ್ ಸ್ವಿಚ್ ಆರಿಸಿ, ಕೌದಿಯನ್ನು ಅಂಗಳಕ್ಕೆ ಎಳೆದು, ಅದರ ಮೇಲೆ ಕೊಡದ ನೀರು ಸುರಿದಳು. ಆಯಿ ಎದ್ದು ಕೂತು, "ಯಾಕ, ಕರೆಂಟ್ ಹೋತೇನ?" ಅಂದಳು.

ಅಂದೇ ಹೆದರಿ, ಕಂಪ್ಯೂಟರಿನಿಂದ ದೂರವಿರಲೆಂದು ಆಯಿಯ ಮಂಚವನ್ನು ಅಡಿಗೆಮನೆಗೆ ಸಾಗಿಸಿದೆ. ನಡುಮನೆಯ ಕಿಟಕಿಯಲ್ಲಾದರೆ ಅವಳು ಮಲಗಿದಲ್ಲಿಂದಲೇ ಎದುರುಮನೆಯ ಗೆಳತಿಯ ಜೊತೆ ಮಾತಾಡುತ್ತಿದ್ದಳು. ಅಡಿಗೆಮನೆಯಲ್ಲಿ ಮಾತಿಗೆ ಸಿಗುತ್ತಿದ್ದದ್ದು ಫ್ರಿಜ್ ಮಾತ್ರ. "ನನ್ನ ಜಾಗಾ ನನಗ ಯಾವಾಗ ಕೊಡ್ತೀಯೋ?" ಎಂದು ದಿನವೂ ಕೇಳುವಳು. "ಹೊಸಾ ಕಂಪ್ಯೂಟರ್ ಬರ್ಲಿ ತಡಿ ಆಯಿ" ಎನ್ನುತ್ತಿದ್ದೆ.

ಹೊಸದಕ್ಕೆ ನನ್ನ ಷರತ್ತು ಎರಡೇ. ಮೇಜಿನ ಮೇಲೆ ಮಾನಿಟರಿನ ಪಕ್ಕ ಕೂರುವಷ್ಟು ಸಣ್ಣ ಕೇಸ್, ಅಂದರೆ ಹೊರಗಿನ ಪೆಟ್ಟಿಗೆ, ಇರಬೇಕು. ಹಾಗಾದರೆ ನೆಲ ಖಾಲಿಯಾಗಿ ಮಂಚ ಯಂತ್ರದಿಂದ ದೂರ ಉಳಿಯುತ್ತದೆ. ಒಳಗೆ ಎಂದೂ ಬಿಸಿಯೇರದಂತೆ, ನೀರು ಹರಿಸಿ ತಣಿಸುವ, ಸಿಗುವುದರಲ್ಲೆಲ್ಲ ದೊಡ್ಡ ಲಿಕ್ವಿಡ್ ಕೂಲರ್ ಇರಬೇಕು. ಈ ಎರಡು ಷರತ್ತುಗಳು ಒಂದೇ ಮನೆಯಲ್ಲಿ ಬಾಳುವವಲ್ಲ ಎಂದು ತಿಳಿದದ್ದು ಆಮೇಲೆ. ಕೂಲರಿನ ರೇಡಿಯೇಟರ್ ಎಂದರೆ ಸಾಲಾಗಿ ಮೂರು ಫ್ಯಾನು ಹೊತ್ತ, ಹತ್ತಿರ ಹತ್ತಿರ ಎರಡು ಗೇಣಿನ ಹಲಗೆ. ಮೇಜಿಗೆ ಹೊಂದುವ ಕೇಸಿಗೆ ಅದು ಹೊಂದದು. ಅದು ಹೊಂದಿದಲ್ಲಿ ಗ್ರಾಫಿಕ್ಸ್ ಕಾರ್ಡ್ ಹಿಡಿಸದು. ಎರಡೂ ಹೇಗೋ ಹಿಡಿಸಿದರೆ ನೀರಿನ ಕೊಳವೆ ಬಸ್ಸಿನ ಸೀಟಿನ ಮೂರನೆಯವನ ಹಾಗೆ ಮುದುಡಿ ಕೂರಬೇಕು. ರೇಡಿಯೇಟರಿನ ಅಳತೆಗೆ ರಟ್ಟು ಕತ್ತರಿಸಿಕೊಂಡು ಮೇಜಿನ ಮೇಲೆ ಅಡ್ಡ ಇಟ್ಟೆ, ಉದ್ದ ಇಟ್ಟೆ, ಕೊನೆಗೆ ಅದರಿಂದಲೇ ಗಾಳಿ ಬೀಸಿಕೊಂಡೆ.

ಚಿಕ್ಕೋಡಿಯ ಅಂಗಡಿಯವರು ಸುಟ್ಟ ಯಂತ್ರವನ್ನು ಬಿಚ್ಚಿ ನೋಡಿ ನಕ್ಕರು. "ಸರ, ಸುಟ್ಟಿದ್ದು ಪವರ್ ಸಪ್ಲಾಯ್. ಅದೂ ಧೂಳ ತುಂಬಿ, ಮ್ಯಾಲೆ ಕೌದಿ ಹೊಚ್ಚಿದ್ದಕ್ಕ. ಪ್ರೊಸೆಸರ್ ಗಟ್ಟಿಮುಟ್ಟ ಐತಿ. ಅದಕ್ಕ ಇಷ್ಟ ದೊಡ್ಡ ಕೂಲರ್ ಯಾಕ್ರಿ? ನೀವು ಮದುವಿ ವಿಡಿಯೋ ಮಾಡ್ತೀರೋ, ಬೆಲ್ಲ ಕುದಸ್ತೀರೋ?"

ಅವರ ಮಾತು ಸರಿಯಾಗಿತ್ತು. ಆದರೂ ನನಗೆ ದೊಡ್ಡದೇ ಬೇಕಿತ್ತು. ಕೂಲರಿನ ನೀರು ಬಿಸಿಯನ್ನು ಕೊಲ್ಲುವುದಿಲ್ಲ. ಪ್ರೊಸೆಸರಿನ ನೆತ್ತಿಯಿಂದ ಹೊತ್ತೊಯ್ದು ರೇಡಿಯೇಟರಿನ ಹತ್ತಿರ ಇಳಿಸುತ್ತದೆ, ಫ್ಯಾನು ಅದನ್ನು ಊರಿಗೆ ಹಂಚುತ್ತದೆ. ಬಿಸಿ ಎಲ್ಲಿಗೂ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ನನ್ನ ಹೆದರಿಕೆಯೂ ಹಾಗೆಯೇ ದಿಂಬಿನ ಬಳಿಯಿಂದ ಹೊರಟು ಎರಡು ಗೇಣಿನ ಹಲಗೆಯ ಮೇಲೆ ಬಂದು ಕೂತಿತ್ತು.

ಅಂತೂ ಒಂದು ಕೇಸ್ ಸಿಕ್ಕಿತು. ಅಗಲ ಕಡಿಮೆ, ಎತ್ತರ ಸಾಕಷ್ಟು, ಸುತ್ತ ಸಣ್ಣ ಕಣ್ಣಿನ ತಂತಿಯ ಜಾಳಿಗೆ. ರೇಡಿಯೇಟರ್ ಅದರ ಪಕ್ಕೆಗೆ ಒರಗಿ ನೆಟ್ಟಗೆ ನಿಲ್ಲುತ್ತದೆ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಹಲ್ಲಿ ಒಳಗೆ ನುಗ್ಗಿ ಫ್ಯಾನಿಗೆ ಸಿಗಲಾರದೆಂದು ಆಯಿ ಜಾಳಿಗೆಯನ್ನು ಒಪ್ಪಿದಳು. ನೀರಿನ ವಿಷಯಕ್ಕೆ ಮಾತ್ರ ತಡೆದಳು. ನೀರಿನ ಸಣ್ಣ ಜೀವಿಗಳು ಸಾಯಬಾರದೆಂದು, ಅರಿವೆಯಲ್ಲಿ ಸೋಸದ ಹನಿ ನೀರೂ ನಮ್ಮ ಮನೆಯ ಗಡಿಗೆಗೆ ಬಿದ್ದದ್ದಿಲ್ಲ.

"ಒಳಗಿನ ನೀರ ಸೋಸಿ ಹಾಕ್ಯಾರೇನಪಾ?"

"ಅದು ಬರೇ ನೀರಲ್ಲ ಆಯಿ, ಔಷಧ ಕೂಡಿಸಿದ್ದು. ಅದರಾಗ ಏನೂ ಹುಟ್ಟಂಗಿಲ್ಲ."

ಆಯಿ ಮೊಬೈಲನ್ನು ಕಣ್ಣಿನ ಹತ್ತಿರ ತಂದು ಚಿತ್ರವನ್ನು ಇನ್ನೊಮ್ಮೆ ನೋಡಿದಳು. "ಹುಟ್ಟಂಗಿಲ್ಲ ಅಂದ್ರ ಕಾಯ್ದು ಸಾಯೂದೂ ಇಲ್ಲ. ಹಂಗಾರ ತಗೋ."

ಕಂಪ್ಯೂಟರ್ ಬಂತು, ಮಂಚ ಕಿಟಕಿಗೆ ಮರಳಿತು. ಮೊದಲ ಮಧ್ಯಾಹ್ನ ಮಲಗುವ ಮುಂಚೆ ಆಯಿ ಮೇಜಿನ ಹತ್ತಿರ ಬಂದು, ಕೂಸಿಗೆ ಜ್ವರ ನೋಡುವಂತೆ ಕೇಸಿಗೆ ಅಂಗೈಯ ಹಿಂಬದಿ ತಾಗಿಸಿದಳು. "ತಣ್ಣಗ ಐತಿ. ಇದಕ್ಕ ಹೊಚ್ಚೂದು ಬ್ಯಾಡಲಾ?" "ಬ್ಯಾಡ ಆಯಿ" ಎಂದೆ. ಆಮೇಲೆ ಅವಳು ನಿದ್ದೆ ಹೋದಳು. ನಾನು ಕಾವಲು ಕೂತೆ. ಪರದೆಯ ಮೂಲೆಯಲ್ಲಿ ಯಂತ್ರದ ಉಷ್ಣಾಂಶ ತೋರಿಸುವ ಅಂಕಿಯನ್ನು ದಿಟ್ಟಿಸುತ್ತ, ಆಯಿಯ ಉಸಿರು ಕೇಳುತ್ತ, ಅದಾವಾಗಲೋ ಮೇಜಿನ ಮೇಲೆ ತಲೆಯಿಟ್ಟಿದ್ದೆ.

ಎಚ್ಚರವಾದಾಗ ಮೈಯೆಲ್ಲ ಬೆವರು. ಬೆನ್ನ ಮೇಲೆ ಆ ಕೌದಿ; ಸುಟ್ಟ ತೂತಿಗೆ ಹಳೆಯ ಸೀರೆಯ ಹೊಸ ತೇಪೆ ಬಿದ್ದಿತ್ತು. ಕಿಟಕಿಯಲ್ಲಿ ಆಯಿ ಎದುರುಮನೆಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು: "ಮಶೀನ ಆರಾಮ ಐತಿ. ನಮ್ಮ ಹುಡುಗಂದ ಕಾಳಜಿ ನೋಡು."

ಏಪ್ರಿಲ್ ತಿಂಗಳ ನಿಪ್ಪಾಣಿ. ಕಂಪ್ಯೂಟರ್ ತಣ್ಣಗಿತ್ತು, ನಾನು ಬೇಯುತ್ತಿದ್ದೆ. ಕೌದಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡು ಮತ್ತೆ ಕಣ್ಣು ಮುಚ್ಚಿದೆ.