ಹಲ್ಲಿನ ನಡುವೆ ಮೆಂತ್ಯದ ದಂಟು

ಇವತ್ತು ವಾಕಡದ ತರಕಾರಿ ಮಂಡಿಯಿಂದ ತಂದ ಮೆಂತ್ಯದ ಕಟ್ಟು ಬಿಚ್ಚಿದೆ. ಬೆರಳಿಗೆಲ್ಲ ಆ ಹಸಿ ಕಹಿ ವಾಸನೆ ಹತ್ತಿತು. ಅದರ ಬೆನ್ನಿಗೇ ಸಂಜೆಯ ಲೋಕಲ್ ರೈಲು ಗಾಡಿ, ಹೆಂಗಸರ ಡಬ್ಬಿ, ಕಿಟಕಿಯ ಪಕ್ಕ ಕೂತ ಕಾಕು... ಒಬ್ಬಳೇ ನಕ್ಕುಬಿಟ್ಟೆ.

ಆಗ ನಾನು ದೇಹೂ ರೋಡಿನ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತೆ. ಇಲಾಖೆಯ ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಯ ದಾರಿ. ಒಮ್ಮೆ ನಪಾಸಾಗಿದ್ದೆ; ಉಳಿದಿದ್ದು ಒಂದೇ ಅವಕಾಶ. ನಿಯಮಗಳ ಆ ದಪ್ಪ ಪುಸ್ತಕವನ್ನು ದಿನಾ ಗಾಡಿಯಲ್ಲಿ ತೆರೆಯುತ್ತಿದ್ದೆ. ಶಿವಾಜಿನಗರ ಬರುವಷ್ಟರಲ್ಲಿ ಹೇಗೋ ಎರಡು ಪುಟ ಸರಿಯುತ್ತಿದ್ದವು. ಇಳಿಯುವಾಗ ಆ ಎರಡೂ ಮರೆತುಹೋಗಿರುತ್ತಿದ್ದವು.

ಡಬ್ಬಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅವರು ನಮ್ಮದೇ ಇಲಾಖೆಯ ಬೇರೊಂದು ಕಚೇರಿಯವರು, ಗದಗಿನ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ತೊಡೆಯ ಮೇಲೆ ಹಳೇ ಪೇಪರು ಹಾಸಿ, ರಾತ್ರಿಯ ಪಲ್ಯಕ್ಕೆ ಮೆಂತ್ಯದ ಎಲೆ ಬಿಡಿಸುತ್ತ ಕೂರುತ್ತಿದ್ದರು. ಕೈ ಸೊಪ್ಪಿನಲ್ಲಿ, ಕಣ್ಣು ನನ್ನ ಪುಸ್ತಕದಲ್ಲಿ. ನಾನಿನ್ನೂ ಅರ್ಧ ಪುಟದಲ್ಲಿರುವಾಗಲೇ "ಹಾಳಿ ಹೊರಳಸು" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪುಸ್ತಕ ನನ್ನದು, ಪರೀಕ್ಷೆ ನನ್ನದು, ಅವಸರ ಮಾತ್ರ ಇವರದು.

ಇಷ್ಟು ಬೇಗ ಹೇಗೆ ಓದುತ್ತೀರಿ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ಒಂದು ಕಡ್ಡಿ ಎತ್ತಿ ಹಿಡಿದರು.

"ಒಂದೊಂದ ಎಲಿ ನೋಡಕೋತ ಕೂತ್ರ ಪಲ್ಲೆ ಯಾವಾಗ ಆಗಬೇಕು? ಕಡ್ಡಿ ಹಿಡಿ, ಎಳಿ. ಹಳದಿ ಎಲಿ ಕಂಡಲ್ಲಿ ಅಷ್ಟ ನಿಂದ್ರು."

ಓದುವಾಗ ನನ್ನ ತುಟಿ ಜಪ ಮಾಡಿದಂತೆ ಅಲ್ಲಾಡುತ್ತದೆ, ಅದಕ್ಕೇ ಕಣ್ಣು ಓಡುವುದಿಲ್ಲ ಎಂದರು. ಒಂದು ದಂಟು ಕೊಟ್ಟು ಹಲ್ಲಿನ ನಡುವೆ ಮೆಲ್ಲಗೆ ಹಿಡಿಯಲು ಹೇಳಿದರು. ತುಟಿ ಅಲ್ಲಾಡಿದರೆ ಹಲ್ಲು ಊರಿ ಬಾಯೆಲ್ಲ ಕಹಿ. ಮೊದಲ ವಾರ ನನಗೆ ಊಟವೇ ರುಚಿಸಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಗಾಡಿ ನಿಂತ ಕೂಡಲೇ ಪುಸ್ತಕ ಮುಚ್ಚಬೇಕು; ಮತ್ತೆ ಹೊರಡುವುದರೊಳಗೆ ಓದಿದ್ದನ್ನು ನನ್ನದೇ ಮಾತಿನಲ್ಲಿ ಹೇಳಬೇಕು. ಬಾರದಿದ್ದರೆ ಮತ್ತೆ ಅದೇ ಪುಟ. ಆಕುರ್ಡಿಯಲ್ಲಿ ತೊದಲಿದೆ, ಚಿಂಚವಡದಲ್ಲಿ ತಪ್ಪಿದೆ, ಖಡಕಿಯಲ್ಲಿ ಬೈಸಿಕೊಂಡೆ... ಬರಬರುತ್ತ ರಜೆಯ ನಿಯಮ, ಭತ್ಯೆಯ ನಿಯಮ ಎಲ್ಲ ಸ್ಟೇಶನ್ನುಗಳ ಜೊತೆಗೇ ತಲೆಯಲ್ಲಿ ಕೂತವು. ಚಳಿ ಮುಗಿಯುವ ಹೊತ್ತಿಗೆ ನಾನೇ ಮೊದಲು ಪುಟ ತಿರುವಿದೆ. "ತಡಿ, ನಾ ಇನ್ನೂ ಓದಾಕತ್ತೀನಿ" ಎಂದು ಕಾಕು ಗದರಿದ ಆ ಸಂಜೆ ನಾನು ಡಬ್ಬಿಗೆಲ್ಲ ಕೇಳುವಂತೆ ನಕ್ಕಿದ್ದೆ.

ಪರೀಕ್ಷೆಗೆ ಪರ್ಸಿನಲ್ಲಿ ಒಂದು ದಂಟು ಇಟ್ಟುಕೊಂಡು ಹೋದೆ. ಕೋಣೆಗೆ ಕಾಲಿಟ್ಟರೆ ಮೊದಲ ಬೆಂಚಿನಲ್ಲಿ ಕಾಕು. ಗರಿಗರಿ ಸೀರೆ, ಹಲ್ಲಿನಲ್ಲಿ ದಂಟು. ಬೆರಗಿನಲ್ಲೇ ನಾನೂ ನನ್ನ ದಂಟು ತೆಗೆದು ಹಲ್ಲಿಗೆ ಸಿಕ್ಕಿಸಿಕೊಂಡು ಕೂತೆ. ಮೇಲ್ವಿಚಾರಕರು ತಂಬಾಕೆಂದು ತಿಳಿದು ಇಬ್ಬರ ಬಾಯನ್ನೂ ತೆರೆಸಿ ನೋಡಿದರು. "ಮೇಥಿ ಆಹೆ, ಸಾಹೇಬ" ಎಂದು ಕಾಕು ಮರಾಠಿಯಲ್ಲಿ, ಅದು ಮೆಂತ್ಯವೆಂದು ಬಹಳ ಗಂಭೀರವಾಗಿ ತಿಳಿಸಿದರು. ನಗು ತಡೆಯುವುದೇ ನನಗೆ ಮೊದಲ ಪ್ರಶ್ನೆಯಾಯಿತು.

ಹೊರಗೆ ಬಂದ ಮೇಲೆ ಅವರು ನನ್ನ ಮುಖ ನೋಡಲು ನಾಚಿಕೊಂಡರು.

"ನಿಮಗ ಕಾಯಂ ಆಗಾಕ, ನಮಗ ಬಡ್ತಿಗೆ, ಎಲ್ಲಾರಿಗೂ ಇದ ಪರೀಕ್ಷಾ. ಮಕ್ಕಳು, ಮನಿ ಅಂತ ನಾ ಬಿಟ್ಟ ಬಿಟ್ಟಿದ್ದೆ. ನಿನ್ನ ಪುಸ್ತಕ ಇಣಿಕಿ ನೋಡಕೋತ ಆಸೆ ಆತು. ರಿಟೈರ್ ಆಗೂದ್ರೊಳಗ ಒಮ್ಮೆ ಹೆಡ್‌ಕ್ಲಾರ್ಕ್ ಅನ್ನಿಸ್ಕೋಬೇಕು ನೋಡು."

ಇಬ್ಬರೂ ಪಾಸಾದೆವು. ನನ್ನ ಪುಸ್ತಕ ಕದ್ದು ಓದಿದವರಿಗೆ ನನಗಿಂತ ಹೆಚ್ಚು ಅಂಕ. ನಾನು ಡಬ್ಬಿಗೆಲ್ಲ ಪೇಢೆ ಹಂಚಿದೆ, ಅವರು ಮೆಂತ್ಯ ಹಾಕಿ ತಟ್ಟಿದ ಥಾಲಿಪಟ್ಟು. ಒಂದು ವರ್ಷ ಹೆಡ್‌ಕ್ಲಾರ್ಕ್ ಆಗಿ ಮೆರೆದು ನಿವೃತ್ತರಾದರು. ಆಮೇಲೆ ಮಗಳ ಊರಿಗೆ ಹೋದರು.

ಈಗಲೂ ನಾನು ಏನೇ ಓದಿದರೂ ಸರಸರನೆ ಓದುತ್ತೇನೆ, ಓದಿದ್ದು ಉಳಿಯುತ್ತದೆ. ಇವತ್ತೂ ಒಲೆಯ ಮೇಲೆ ಪಲ್ಯ ಇಟ್ಟು, ದಂಟು ಹಲ್ಲಲ್ಲಿ ಹಿಡಿದೇ ಪೇಪರು ಮುಗಿಸಿದೆ. ಹೋದ ತಿಂಗಳು ಕಾಕು ತೀರಿಕೊಂಡರೆಂದು ಅವರ ಮಗಳು ಫೋನಿಗೆ ಎರಡು ಸಾಲು ಕಳಿಸಿದ್ದಳು... ಆ ಎರಡು ಸಾಲನ್ನು ಮಾತ್ರ ಒಂದೊಂದೇ ಅಕ್ಷರ, ತುಟಿ ಅಲ್ಲಾಡಿಸುತ್ತ ಓದಿದ್ದೆ.