ಭಾವನ ಅಗಲದ ಚಕ್ರ

"ದೊಡ್ಡಮ್ಮ, ನೀವು ಸ್ವಲ್ಪ ಎಡಕ್ಕೆ ಸರಿಯಿರಿ. ನಿಮ್ಮ ಭಾರಕ್ಕೆ ಟಯರ್ ಉಜ್ಜುತ್ತಾ ಉಂಟು" ಎಂದರು ಕಾರು ಬಿಡುತ್ತಿದ್ದ ಭಾವ.

ದುಬೈಯಿಂದ ರಜೆಯಲ್ಲಿ ಬಂದಿದ್ದ ಭಾವ ಹಿಂದಿನ ದಿನವಷ್ಟೇ ತಮ್ಮ ಹಳೇ ಕಾರಿಗೆ ಅಗಲದ ಚಕ್ರ ಹಾಕಿಸಿದ್ದರು. ಬಂಟ್ವಾಳದಿಂದ ಮೂಡುಬಿದಿರೆಗೆ ಮದುವೆಗೆ ಹೊರಟರೆ, ಪ್ರತಿ ತಿರುವಿನಲ್ಲೂ ಟಯರ್ ಮಡ್‌ಗಾರ್ಡಿಗೆ ತಾಗಿ ಕರಕರ. ಭಾವ ಕ್ಯಾಸೆಟ್ಟಿನ ಸ್ವರ ಜೋರು ಮಾಡಿದರು. ಕರಕರ ಅದಕ್ಕಿಂತ ಜೋರಾಗಿ ಕೇಳಿತು.

ದೊಡ್ಡಮ್ಮ ಎಡಕ್ಕೆ ಸರಿದರು. ಶಬ್ದ ನಿಲ್ಲಲಿಲ್ಲ. ಸಿದ್ಧಕಟ್ಟೆಯಲ್ಲಿ ರೇಷ್ಮೆ ಸೀರೆಯ ನೆರಿಗೆ ಹಿಡಿದು ಇಳಿದೇಬಿಟ್ಟರು. ಅವರನ್ನು ಬಿಟ್ಟು ನಾವು ಮುಂದಿನ ತಿರುವಿನವರೆಗೆ ಹೋಗಿ ಬಂದೆವು. ಆಗಲೂ ಅದೇ ಕರಕರ!

"ಈಗ ನೀವೊಮ್ಮೆ ಇಳಿಯಿರಿ ಮಾರಾಯ್ರೆ. ಇವನು ಕಾರು ಬಿಡಲಿ" ಎಂದು ದೊಡ್ಡಮ್ಮ ಭಾವನಿಗೆ ನನ್ನನ್ನು ತೋರಿಸಿದರು. ಆಗ ನಾನು ಕಡ್ಡಿಯಂತಿದ್ದೆ. ದೊಡ್ಡಮ್ಮನನ್ನು ಕೂರಿಸಿಕೊಂಡು ಅದೇ ತಿರುವು ಸುತ್ತಿ ಬಂದೆ. ಕಾರು ಚಕಾರವೆತ್ತಲಿಲ್ಲ. ಭಾವ ರಸ್ತೆ ಬದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು.

ಮರುವಾರವೇ ಕಾರಿಗೆ ಹಳೇ ಚಕ್ರ ಬಂತು. ನಮ್ಮ ರಸ್ತೆಯೇ ಸರಿ ಇಲ್ಲ ಎಂದು ಭಾವ ಈಗಲೂ ಹೇಳುತ್ತಾರೆ. ದೊಡ್ಡಮ್ಮ ಮಾತ್ರ ಯಾರ ಕಾರಿಗೆ ಹತ್ತುವುದಿದ್ದರೂ ಮೊದಲು ಕೇಳುವುದು ಒಂದೇ: "ಬಿಡುವುದು ಯಾರು?"